ಶುಗರ್ ಕಿವಿಯನ್ನೂ ಬಿಡುವುದಿಲ್ಲ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಶುಗರ್ ಇದ್ದವರು ಕಣ್ಣು ತೋರಿಸಿಕೊಳ್ಳುತ್ತಾರೆ, ಕಾಲಿನ ಗಾಯಕ್ಕೆ ಹೆದರುತ್ತಾರೆ, ಕಿಡ್ನಿಯ ಮಾತೆತ್ತಿದರೆ ಗಾಬರಿಯಾಗುತ್ತಾರೆ. ಕಿವಿ ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ. ಕೇಳಿಸುವುದು ಕಡಿಮೆಯಾದರೆ ‘ಪ್ರಾಯ ಆಯ್ತಲ್ಲ’ ಎನ್ನುತ್ತೇವೆ. ಗಂಗೊಳ್ಳಿಯ ಬೋಟಿನಲ್ಲೋ ಅಕ್ಕಿಮಿಲ್ಲಿನಲ್ಲೋ ದುಡಿದವರಾದರೆ ಇಂಜಿನ್ನಿನ ಸದ್ದನ್ನು ದೂರುತ್ತೇವೆ. ಎರಡೂ ಸುಳ್ಳಲ್ಲ. ಆದರೆ ಆ ವಿವರಣೆ ಸಿಕ್ಕಿದೊಡನೆ ಹುಡುಕಾಟ ನಿಂತುಹೋಗುತ್ತದೆ, ತೊಂದರೆ ಇರುವುದು ಅಲ್ಲೇ.

ಒಳಗಿವಿಯ ಕಾಕ್ಲಿಯಾದಲ್ಲಿ ಸದ್ದನ್ನು ನರಕ್ಕೆ ದಾಟಿಸುವ ಸೂಕ್ಷ್ಮ ಕೋಶಗಳಿವೆ. ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ಅವುಗಳ ಕೆಲಸ ನಡೆಯುವುದು ಕೂದಲಿಗಿಂತ ತೆಳುವಾದ ರಕ್ತನಾಳಗಳ ನೆರವಿನಿಂದ. ಕಣ್ಣಿನ ಅಕ್ಷಿಪಟಲ, ಕಿಡ್ನಿಯಲ್ಲಿರುವುದೂ ಇಂಥವೇ ನಾಳಗಳು. ಶುಗರ್ ಇದ್ದವರ ಕಿವಿಯ ಮೂಳೆಯನ್ನು ಮರಣೋತ್ತರವಾಗಿ ಪರೀಕ್ಷಿಸಿದಾಗ ಈ ನಾಳಗಳ ಗೋಡೆ ದಪ್ಪವಾಗಿದ್ದುದು ಕಂಡಿದೆ. ಇದೆಲ್ಲ ಪ್ರಾಯದ ಆಟವೇ ಇರಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದುದೇ. ಅಮೆರಿಕದಲ್ಲಿ 20ರಿಂದ 69 ವರ್ಷದವರ ಶ್ರವಣ ಪರೀಕ್ಷೆಯ ಅಂಕಿಅಂಶ 2008ರಲ್ಲಿ ಪ್ರಕಟವಾಯಿತು. ಶುಗರ್ ಇದ್ದವರಲ್ಲಿ ಶ್ರವಣದೋಷ ಸುಮಾರು ಎರಡು ಪಟ್ಟು ಹೆಚ್ಚಿತ್ತು. ಪ್ರಾಯ, ಸದ್ದಿನ ಕೆಲಸ, ಧೂಮಪಾನಗಳನ್ನು ಗಣನೆಗೆ ತೆಗೆದುಕೊಂಡ ಮೇಲೂ ನಂಟು ಅಳಿಯಲಿಲ್ಲ. 2013ರಲ್ಲಿ ಜಪಾನಿನ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಈ ನಂಟು ಮುದುಕರಿಗಿಂತ ಕಿರಿಯರಲ್ಲೇ ಬಲವಾಗಿತ್ತು. ಬರೀ ಪ್ರಾಯದ ಮಾತಾಗಿದ್ದರೆ ಹೀಗಾಗಬಾರದಿತ್ತು. ನಂಟು ಕಂಡ ಮಾತ್ರಕ್ಕೆ ಕಾರಣ ಸಾಬೀತಾಗುವುದಿಲ್ಲ, ನಿಜ. ಶುಗರ್ ಇದ್ದವರೆಲ್ಲ ಕಿವುಡರಾಗುವುದೂ ಇಲ್ಲ. ಆದರೂ ಪರೀಕ್ಷೆ ಮಾಡಿಸಲು ಇಷ್ಟು ಸಾಕು.

ಒಳಗಿವಿಗೆ ಸಮತೋಲದ ಕೆಲಸವೂ ಇದೆ. ಪಾದದ ಸ್ಪರ್ಶ ಮಂದವಾಗಿ, ಕಣ್ಣೂ ಮಬ್ಬಾದವರಿಗೆ ಅದೂ ಕೈಕೊಟ್ಟರೆ ಮಳೆಗಾಲದ ಪಾಚಿಗಟ್ಟಿದ ಅಂಗಳವೇ ಅಪಾಯ. ತಲೆ ತಿರುಗಿದ್ದಕ್ಕೆ ಶುಗರ್ ಲೋ ಆಯಿತೆಂದು ಸಿಹಿ ತಿಂದು ಸುಮ್ಮನಾಗುವುದು ಎಲ್ಲ ಸಲಕ್ಕೂ ಉತ್ತರವಲ್ಲ. ಗ್ಲುಕೋಮೀಟರಿನಲ್ಲಿ ಸಕ್ಕರೆ ಸರಿಯಿದ್ದರೆ ಕಿವಿಯನ್ನೂ ತೋರಿಸಬೇಕು.

ಇನ್ನು ಕಿವಿಗೆ ಬೆಚ್ಚಗಿನ ಎಣ್ಣೆ ಬಿಡುವ ರೂಢಿ. ಕಿವಿತಮಟೆ ಅಡ್ಡ ಇರುವುದರಿಂದ ಅದು ಒಳಗಿವಿಯನ್ನು ಮುಟ್ಟುವುದೇ ಇಲ್ಲ. ಶುಗರ್ ಇದ್ದವರಿಗೆ ರಾತ್ರಿ ನಿದ್ದೆಗೆಡಿಸುವ ಕಿವಿನೋವು, ಸೋರಿಕೆ ಶುರುವಾದರೆ ಅದು ಮೂಳೆಗೆ ಹಬ್ಬುವ ಸೋಂಕಾಗಿರಬಹುದು, ಎಣ್ಣೆ ಬಿಟ್ಟು ಕೂರದೆ ವೈದ್ಯರಿಗೆ ತೋರಿಸಬೇಕು. ಒಂದು ಕಿವಿ ಥಟ್ಟನೆ ಕೇಳಿಸದಾದರೂ ಕಾಯುವಂತಿಲ್ಲ. ಅದಕ್ಕೆ ಕೊಡುವ ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಹಾಗಾಗಿ ಶುಗರ್ ಇರುವುದನ್ನು ಇಎನ್‌ಟಿ ವೈದ್ಯರಿಗೆ ಮೊದಲೇ ಹೇಳಬೇಕು.