ಬಣ್ಣ ಬೆರೆತ ಗೂಡು

ಕರಿಘಟ್ಟದ ಶ್ರೀನಿವಾಸನ ಗುಡಿಯ ಮುಂದೆ ನಿಂತು ನೋಡಿದವರಿಗೆ ಕಾವೇರಿಯ ಎರಡು ಕವಲುಗಳ ನಡುವೆ ಶ್ರೀರಂಗಪಟ್ಟಣ ಕಾಣಿಸುತ್ತದೆ. ಆ ಕೋಟೆಯನ್ನು ಕಂಡೊಡನೆ ಯುದ್ಧಗಳನ್ನು ನೆನೆಯುವವರೇ ಹೆಚ್ಚು. ಆದರೆ 1786ರಲ್ಲಿ ಟಿಪ್ಪು ಸುಲ್ತಾನನು ಅಲ್ಲಿಯ ಕಿಲ್ಲೇದಾರನಿಗೆ ಬರೆಸಿದ ಪತ್ರವೊಂದರ ವಿಷಯ ಒಂದು ಹುಳು. ಬಂಗಾಳದಿಂದ ಬರುತ್ತಿರುವ ರೇಷ್ಮೆಹುಳುಗಳನ್ನು ಇರಿಸಲು ತಕ್ಕ ಸ್ಥಳವನ್ನು ಗೊತ್ತುಮಾಡಬೇಕೆಂಬುದು ಅದರ ಸಾರಾಂಶ. ಫಿರಂಗಿಗಳು ತಣ್ಣಗಾದವು, ಹುಳುಸಾಕಣೆ ಉಳಿಯಿತು.

ಈ ಸೀಮೆಯ ಬಿಸಿಲಿಗೂ ಸೊಪ್ಪಿಗೂ ಒಗ್ಗಿ ನಿಂತ ಹುಳುವಿಗೆ ‘ಮೈಸೂರು ತಳಿ’ ಎಂದು ಹೆಸರು. ಅದರ ಗೂಡು ಚಿಕ್ಕದು, ತುದಿ ಚೂಪು, ಬಣ್ಣ ಹಸುರು ಬೆರೆತ ಹಳದಿ. ಬೇಗೆಯನ್ನೂ ಬಡತನವನ್ನೂ ತಾಳಿಕೊಳ್ಳುತ್ತದೆ. ಆದರೆ ಒಂದು ಗೂಡಿನಿಂದ ದೊರೆಯುವ ಎಳೆ ಸುಮಾರು 400 ಮೀಟರು ಮಾತ್ರ. ತಂಪು ದೇಶಗಳ ಬಿಳಿಗೂಡಿನ ತಳಿಗಳಾದರೋ 1000 ಮೀಟರಿಗೂ ಹೆಚ್ಚು ಎಳೆ ಕೊಡುತ್ತವೆ; ಆದರೆ ಸೆಕೆ, ಕೊಳೆ, ಬಲಿಯದ ಸೊಪ್ಪು ಯಾವುದನ್ನೂ ಸಹಿಸವು. ಒಂದರ ಗಟ್ಟಿತನವನ್ನೂ ಇನ್ನೊಂದರ ಸಂಪತ್ತನ್ನೂ ಕೂಡಿಸುವ ಪ್ರಯತ್ನದ ಫಲವೇ ಮಿಶ್ರ ತಳಿ.

ಈ ಕೂಡಿಕೆಯಲ್ಲಿ ತಾಯಿ ಮೈಸೂರು ತಳಿಯವಳು, ತಂದೆ ಬಿಳಿಗೂಡಿನವನು. ಇದಕ್ಕೆ ಕಾರಣವುಂಟು. ಮೊಟ್ಟೆ ಬೇಗ ಒಡೆಯಬೇಕೋ ತಿಂಗಳುಗಟ್ಟಲೆ ನಿದ್ರಿಸಬೇಕೋ ಎಂಬುದನ್ನು ನಿರ್ಣಯಿಸುವುದು ತಾಯಿಯ ಸ್ವಭಾವ. ಮೈಸೂರು ತಾಯಿ ಇಟ್ಟ ಮೊಟ್ಟೆಗಳಿಂದ ಸುಮಾರು 10 ದಿನಗಳಲ್ಲಿ ಮರಿ ಹೊರಬರುತ್ತದೆ. ಹುಳು ಹಣ್ಣಾಗಿ ಚಂದ್ರಂಕಿಯನ್ನೇರಿ ಗೂಡು ಕಟ್ಟಿದಾಗ ಎಲ್ಲವೂ ಹಳದಿ! ತಂದೆಯ ಬಿಳುಪು ಎಲ್ಲಿಯೂ ಕಾಣದು. ಗೂಡು ದಪ್ಪ, ಬೆಳೆ ಹುಲುಸು.

ಇಲ್ಲಿಯೇ ರೈತನಿಗೆ ಆಸೆ ಹುಟ್ಟುತ್ತದೆ. ತನ್ನ ಹೊಲದ ರಾಗಿಯಲ್ಲಿ ಒಳ್ಳೆಯ ತೆನೆಗಳನ್ನು ಆಯ್ದು ಬಿತ್ತನೆಗೆ ಇಟ್ಟುಕೊಂಡು ಬಂದವನಲ್ಲವೇ ಅವನು? ದಪ್ಪ ಗೂಡುಗಳನ್ನೇ ಆರಿಸಿ ಉಳಿಸಿಕೊಂಡರೆ ಮುಂದಿನ ಬೆಳೆಗೆ ಮೊಟ್ಟೆಯ ಖರ್ಚೇ ಇಲ್ಲವೆಂದು ಅವನಿಗೆ ತೋರುವುದು ಸಹಜ. ಆದರೆ ಆ ಗೂಡುಗಳ ಸಂತತಿ ತಾಯಿತಂದೆಗಳನ್ನು ಹೋಲದು. ಅಡಗಿದ್ದ ಬಿಳುಪು ಮರಳಿ ಬರುತ್ತದೆ. ಸ್ಥೂಲವಾಗಿ ಮೂರು ಹಳದಿಗೆ ಒಂದು ಬಿಳಿ. ಬಟಾಣಿ ಗಿಡಗಳಲ್ಲಿ ಮೆಂಡೆಲ್ ಕಂಡ ಈ ನಿಯಮ ರೇಷ್ಮೆಹುಳುವಿಗೂ ಸಲ್ಲುತ್ತದೆಂದು ಜಪಾನಿನ ತೋಯಾಮಾ 1906ರಲ್ಲಿ ತೋರಿಸಿದನು.

ಬಣ್ಣ ಒಡೆದರೆ ಕೆಟ್ಟದ್ದೇನು? ಹಳದಿಯು ಸೊಪ್ಪಿನಿಂದ ಬಂದು ಎಳೆಯ ಮೇಲಿನ ಅಂಟಿನಲ್ಲಿ ನೆಲಸಿದ ವರ್ಣ. ಸಾಬೂನು ನೀರಿನಲ್ಲಿ ಕುದಿಸಿದರೆ ಬಹುಮಟ್ಟಿಗೆ ಕಳೆದುಹೋಗುತ್ತದೆ. ಸೀರೆಗೆ ಅದರಿಂದ ಬಾಧಕವಿಲ್ಲ. ಆದರೆ ಬಣ್ಣದೊಡನೆ ಉಳಿದ ಗುಣಗಳೂ ಒಡೆಯುತ್ತವೆ. ಒಂದು ಹುಳು ಮುಂಚೆ ಹಣ್ಣಾದರೆ ಇನ್ನೊಂದು ತಡವಾಗಿ. ಒಂದು ಗೂಡು ಗಟ್ಟಿ, ಮತ್ತೊಂದು ಪೊಳ್ಳು. ನೂಲು ಬಿಚ್ಚುವವನಿಗೆ ಬೇಕಾದ ಸಮತೆ ಅಲ್ಲಿಲ್ಲ. ಜೊತೆಗೆ ಗಂಟುರೋಗದ ಭಯ. ತಾಯಿಯಿಂದ ಮೊಟ್ಟೆಗೆ ಸಾಗುವ ಈ ರೋಗವನ್ನು ತಡೆಯಲು ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮ ಪಾಸ್ತರನಿಂದ ಬಂದದ್ದು. ಮನೆಯ ಮೂಲೆಯಲ್ಲಿ ಅದು ಸಾಧ್ಯವಿಲ್ಲ. ಆದುದರಿಂದ ಪ್ರತಿ ಬೆಳೆಗೂ ಪರೀಕ್ಷಿಸಿದ ಹೊಸ ಮೊಟ್ಟೆಯನ್ನೇ ಕೊಳ್ಳಬೇಕು. ಬಿತ್ತನೆಯ ಮೇಲೆ ಹತೋಟಿಯಿಡಲು 1959ರಲ್ಲಿ ಕಾಯಿದೆಯೇ ಬಂದಿತು.

ಹಾಗಾದರೆ ಹೊಸ ಮೊಟ್ಟೆ ಎಲ್ಲಿಂದ ಬರಬೇಕು? ಶುದ್ಧ ತಳಿಯನ್ನು ಬೆರೆಸದೆ ಕಾಪಾಡಿದವರ ಮನೆಯಿಂದ. ಕುಣಿಗಲ್, ಮಾಗಡಿ ಸೀಮೆಗಳಲ್ಲಿ ಬಿತ್ತನೆ ಬೆಳೆಗಾರರು ಮೈಸೂರು ತಳಿಯನ್ನು ತಲೆಮಾರುಗಳಿಂದ ಸಾಕಿಕೊಂಡು ಬಂದಿದ್ದಾರೆ. ಅವರ ಗೂಡು ಚಿಕ್ಕದು, ರೇಷ್ಮೆ ಕಡಿಮೆ. ಬಿತ್ತನೆಗೆ ಬೆಲೆ ಸಿಕ್ಕದಿದ್ದರೆ ನೂಲಿನ ಲೆಕ್ಕದಲ್ಲಿ ಅವರ ದುಡಿಮೆ ಗಿಟ್ಟದು. ಅವರು ಬೇಸತ್ತು ಮಿಶ್ರ ತಳಿಗೆ ತಿರುಗಿದರೆ, ಕೆಲವೇ ಬೆಳೆಗಳಲ್ಲಿ ಮಿಶ್ರ ತಳಿಯೂ ಇಲ್ಲವಾಗುತ್ತದೆ. ಬೆರೆಸುವುದಕ್ಕೆ ತಾಯಿಯೇ ಇರುವುದಿಲ್ಲ.

ಕರಿಘಟ್ಟದ ಬುಡದಲ್ಲಿ ಲೋಕಪಾವನಿ ಕಾವೇರಿಯನ್ನು ಸೇರುತ್ತದೆ. ಕೂಡಿದ ನೀರನ್ನು ಮತ್ತೆ ಬೇರ್ಪಡಿಸಲಾಗದು. ಕೂಡಲ ಪ್ರತಿ ವರ್ಷವೂ ತುಂಬಬೇಕಾದರೆ ಎರಡು ಹೊಳೆಗಳೂ ತಂತಮ್ಮ ದಾರಿಯಲ್ಲಿ ಹರಿದು ಬರಬೇಕು. ಹಳದಿ ಗೂಡಿನ ರಾಶಿಯ ಮುಂದೆ ಸಂತೋಷಪಡುವ ರೈತನು ಮಾಗಡಿಯ ಆ ಚಿಕ್ಕ ಗೂಡಿಗೆ ಸಲ್ಲುವ ಬೆಲೆಯನ್ನೂ ತನ್ನ ಲಾಭದ ಲೆಕ್ಕದಲ್ಲಿಯೇ ಸೇರಿಸಿಕೊಳ್ಳುವುದು ಒಳ್ಳೆಯದು.