ತಿಂಗಳು ನಿಂತಾಗ ಪರೀಕ್ಷೆ ಯಾವ ದಿನ?

ಗೋಕಾಕ, ಹುಕ್ಕೇರಿ, ಗೋಕಾಕದಿಂದ ಬೇರೆಯಾಗಿ ಹೊಸ ತಾಲ್ಲೂಕಾದ ಮೂಡಲಗಿ, ಈ ಮೂರರಲ್ಲಿ ಯಾವ ಊರಿನ ಔಷಧ ಅಂಗಡಿಗೆ ಹೋದರೂ ಗರ್ಭ ಪರೀಕ್ಷೆಯ ಕಿಟ್ ಸಿಗುತ್ತದೆ. ಪ್ರೆಗಾ ನ್ಯೂಸ್, ಐ-ಕ್ಯಾನ್, ವೆಲೋಸಿಟ್ ಎಂದು ಹೆಸರು ಬೇರೆ ಬೇರೆ, ಒಳಗಿನ ಪಟ್ಟಿ ಒಂದೇ ಬಗೆಯದು. ಹಳ್ಳಿಯಲ್ಲಿ ಅದನ್ನು ದುಡ್ಡು ಕೊಟ್ಟು ತರಬೇಕೆಂದೂ ಇಲ್ಲ. 'ನಿಶ್ಚಯ' ಎಂಬ ಸರ್ಕಾರಿ ಕಿಟ್ಟನ್ನು ಆಶಾ ಕಾರ್ಯಕರ್ತೆಯರು ಪುಕ್ಕಟೆ ಕೊಡುತ್ತಾರೆ. ಅದನ್ನು ಪೂರೈಸುತ್ತ ಬಂದಿರುವ ಎಚ್‌ಎಲ್‌ಎಲ್ ಲೈಫ್‌ಕೇರ್ ಸರ್ಕಾರದ ಒಡೆತನದ ಕಂಪನಿ. ನಿರೋಧ್ ಮತ್ತು ಗರ್ಭನಿರೋಧಕ ಗುಳಿಗೆ ತಯಾರಿಸುವ ಅದರ ಒಂದು ಕಾರ್ಖಾನೆ 1985ರಿಂದ ಹುಕ್ಕೇರಿ ತಾಲ್ಲೂಕಿನ ಕಣಗಲಾದಲ್ಲೇ ಇದೆ.

ಇಷ್ಟು ಹತ್ತಿರ ಸಿಗುವ ವಸ್ತುವನ್ನು ನಮ್ಮ ಮನೆಗಳು ಪೂರ್ತಿ ನಂಬುವುದಿಲ್ಲ. ಮನೆಯಲ್ಲಿ ಎರಡು ಗೆರೆ ಕಂಡರೂ 'ದವಾಖಾನಿಯೊಳಗ ಒಮ್ಮಿ ನೋಡಿಸೇ ಬಿಡೂಣು' ಎಂದು ಅತ್ತೆ ಸೊಸೆಯನ್ನು ಕರೆದುಕೊಂಡು ಬಸ್ ಹತ್ತುತ್ತಾರೆ. ಅಲ್ಲಿ ಸಿಸ್ಟರ್ ಪುಟ್ಟ ಬಾಟಲಿಯಲ್ಲಿ ಮೂತ್ರ ತರಿಸಿಕೊಂಡು ಅದೇ ಬಗೆಯ ಕಾರ್ಡಿನ ಮೇಲೆ ಅದೇ ಬಗೆಯ ಹನಿ ಹಾಕುತ್ತಾರೆ. ದವಾಖಾನೆಗೆ ಹೋಗುವುದು ಒಳ್ಳೆಯದೇ, ಆದರೆ ಹೋಗಬೇಕಾದ ಕಾರಣ ಬೇರೆ. ಮೂತ್ರ ಪರೀಕ್ಷೆಯ ಮಟ್ಟಿಗೆ ಹನಿ ಹಾಕುವ ಕೈ ಯಾರದಾದರೂ ಸೂಚನೆಯಂತೆ ಹಾಕಿದರೆ ಗೆರೆ ಒಂದೇ. ಅದನ್ನು ಬದಲಿಸುವುದು ದಿನ.

ಏಕೆಂದು ತಿಳಿಯಲು ದೇಹದೊಳಗಿನ ಲೆಕ್ಕ ಗೊತ್ತಿರಬೇಕು. ಮುಟ್ಟಾದ ಮೊದಲ ದಿನವನ್ನು 1 ಎಂದು ಎಣಿಸಿ. 28 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ 14ನೇ ದಿನದ ಆಸುಪಾಸು ಅಂಡಾಶಯದಿಂದ ಅಂಡ ಹೊರಬರುತ್ತದೆ. ವೀರ್ಯಾಣು ಕೂಡಿ ಫಲಿತಗೊಂಡ ಅಂಡ ಗರ್ಭನಾಳದಲ್ಲಿ ಸಾಗಿ ಗರ್ಭಕೋಶದ ಒಳಪದರಕ್ಕೆ ಕಚ್ಚಿಕೊಳ್ಳಲು ಮತ್ತೆ 6ರಿಂದ 12 ದಿನ ಹಿಡಿಯುತ್ತದೆ. ಹೆಚ್ಚಿನವರಲ್ಲಿ ಇದು 8ರಿಂದ 10ನೇ ದಿನದೊಳಗೆ ಆಗುತ್ತದೆ. ಕಚ್ಚಿಕೊಂಡ ಮೇಲೆ, ಮುಂದೆ ಮಾಸು ಆಗಲಿರುವ ಜೀವಕೋಶಗಳಿಂದ ಎಚ್‌ಸಿಜಿ ಎಂಬ ಹಾರ್ಮೋನು ತಾಯಿಯ ರಕ್ತಕ್ಕೆ ಸೇರತೊಡಗುತ್ತದೆ. ಮೊದಲ ವಾರಗಳಲ್ಲಿ ಅದು ಎರಡು ಮೂರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತ ಹೋಗುತ್ತದೆ. ರಕ್ತದಲ್ಲಿ ಮೊದಲು, ಮೂತ್ರದಲ್ಲಿ ಸ್ವಲ್ಪ ತಡವಾಗಿ ಕಾಣುತ್ತದೆ. ಅಂಗಡಿಯ ಕಿಟ್‌ಗಳು ಸಾಮಾನ್ಯವಾಗಿ ಒಂದು ಮಿಲಿಲೀಟರ್ ಮೂತ್ರದಲ್ಲಿ 25 ಮಿಲಿ ಯುನಿಟ್ ಎಚ್‌ಸಿಜಿ ಇದ್ದರೆ ಗೆರೆ ತೋರಿಸುತ್ತವೆ. ಅದಕ್ಕಿಂತ ಕಡಿಮೆ ಇದ್ದರೆ ಗರ್ಭ ನಿಂತಿದ್ದರೂ ಒಂದೇ ಗೆರೆ.

ಡಬ್ಬಿಯ ಮೇಲಿನ '99% ನಿಖರ' ಎಂಬ ಮಾತನ್ನು ಇದರ ಜೊತೆಗಿಟ್ಟು ಓದಬೇಕು. ಹಾರ್ಮೋನು ಸಾಕಷ್ಟಿರುವ ಮಾದರಿಯನ್ನು ಪ್ರಯೋಗಾಲಯದಲ್ಲಿ ಕೊಟ್ಟಾಗಿನ ಮಾತು ಅದು. ಮುಟ್ಟು ತಪ್ಪಿದ ಮೊದಲ ಬೆಳಗ್ಗೆ ಬಚ್ಚಲಮನೆಯಲ್ಲಿ ಮಾಡುವ ಪರೀಕ್ಷೆಗೆ ಅದೇ ಭರವಸೆ ಇಲ್ಲ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಮಗು ಬಯಸಿದ್ದ 221 ಮಹಿಳೆಯರಿಂದ ದಿನವೂ ಮೂತ್ರ ಸಂಗ್ರಹಿಸಿ ಒಂದು ಅಧ್ಯಯನ ನಡೆಸಿದ್ದರು. ಆ ಮಾಹಿತಿಯಿಂದ ಆಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದ್ದು ಇಷ್ಟು: ಮುಟ್ಟು ಬರಬೇಕಿದ್ದ ದಿನಕ್ಕೆ ನೂರರಲ್ಲಿ ಸುಮಾರು 10 ಗರ್ಭಗಳು ಇನ್ನೂ ಕಚ್ಚಿಕೊಂಡೇ ಇರುವುದಿಲ್ಲ. ಕಚ್ಚಿಕೊಳ್ಳದ ಗರ್ಭವನ್ನು ಜಗತ್ತಿನ ಯಾವ ಕಿಟ್ಟೂ, ಯಾವ ಲ್ಯಾಬೂ ಹಿಡಿಯಲಾರದು. ಒಂದು ವಾರ ಕಾದರೆ ಹಿಡಿಯಬಹುದಾದ ಪ್ರಮಾಣ ಹೆಚ್ಚೆಂದರೆ 97ಕ್ಕೆ ಏರುತ್ತದೆ. ಹಾಗಾಗಿ ಮುಟ್ಟು ತಪ್ಪಿದ ದಿನವೇ ನೋಡಿ ಒಂದೇ ಗೆರೆ ಬಂದರೆ ಆ ಉತ್ತರ ಅರ್ಧ ಮಾತ್ರ. ಒಂದು ವಾರದ ನಂತರವೂ ಮುಟ್ಟಾಗದಿದ್ದರೆ ಮತ್ತೊಮ್ಮೆ ನೋಡಲೇಬೇಕು.

ಮುಟ್ಟು ಹೊತ್ತಿಗೆ ಸರಿಯಾಗಿ ಆಗದವರ ಕಷ್ಟ ಬೇರೆ. 40 ದಿನಕ್ಕೊಮ್ಮೆ ಮುಟ್ಟಾಗುವವಳ ಅಂಡ 26ನೇ ದಿನದ ಸುಮಾರಿಗೆ ಬಿಡುಗಡೆಯಾಗಬಹುದು. ಅವಳು 'ತಿಂಗಳು ದಾಟಿತು' ಎಂದು 32ನೇ ದಿನ ನೋಡಿದರೆ ಏನೂ ಕಾಣುವುದಿಲ್ಲ. ಇಂಥವರಿಗೆ ಇನ್ನೊಂದು ಲೆಕ್ಕವಿದೆ, ನನ್ನ ಮಟ್ಟಿಗೆ ನಮ್ಮ ಸೀಮೆಗೆ ಹೆಚ್ಚು ಒದಗುವುದೂ ಅದೇ. ಗರ್ಭನಿರೋಧಕವಿಲ್ಲದೆ ಗಂಡ ಹೆಂಡತಿ ಕೊನೆಯ ಸಲ ಕೂಡಿದ ದಿನದಿಂದ 21 ದಿನ ಎಣಿಸಿ ಪರೀಕ್ಷೆ ಮಾಡಬೇಕು. ಗಂಡ ಸೈನ್ಯದಲ್ಲಿದ್ದು ರಜೆಗೆ ಬಂದು ಹೋದವರು, ಗೋವಾ, ಪುಣೆಯ ಕೆಲಸದಿಂದ ಜಾತ್ರೆಗೆ ಬಂದು ಮರಳಿದವರು, ಲಾರಿ ಓಡಿಸುವವರು, ಇಂಥವರ ಮನೆಗಳಲ್ಲಿ ಮುಟ್ಟಿನ ತಾರೀಖು ಮರೆತರೂ ಆ ತಾರೀಖು ನೆನಪಿರುತ್ತದೆ. ಕೂಸಿಗೆ ಹಾಲುಣಿಸುತ್ತ ಇನ್ನೂ ಮುಟ್ಟೇ ಆಗದ ಬಾಣಂತಿಗೂ ಇದೇ ಲೆಕ್ಕ. ಮುಟ್ಟು ಮರಳುವ ಮೊದಲೇ ಅಂಡ ಬಿಡುಗಡೆಯಾಗುವುದರಿಂದ 'ಮುಟ್ಟಾಗಿಲ್ಲ, ಹೆಂಗ ಬಸರಾಗತೀನಿ' ಎಂಬ ಧೈರ್ಯ ಸಲ್ಲದು. ತುರ್ತು ಗರ್ಭನಿರೋಧಕ ಗುಳಿಗೆ ನುಂಗಿದ ಮೇಲೆ ಮುಟ್ಟು ಹಿಂದೆಮುಂದಾಗುತ್ತದೆ, ಆಗಲೂ ಮೂರು ವಾರಕ್ಕೆ ನೋಡಿಬಿಡುವುದು ಒಳ್ಳೆಯದು.

ಇನ್ನು ಮಾಡುವ ರೀತಿ. ಬೆಳಗ್ಗೆ ಎದ್ದ ಕೂಡಲೇ ಬರುವ ಮೂತ್ರ ಗಟ್ಟಿಯಾಗಿರುತ್ತದೆ, ಹಾರ್ಮೋನು ಹೆಚ್ಚಿರುತ್ತದೆ. ಮೊದಲ ವಾರದಲ್ಲಿ ನೋಡುವವರಿಗೆ ಇದು ಮುಖ್ಯ. ತಂಬಿಗೆಗಟ್ಟಲೆ ನೀರು ಕುಡಿದು ಮಧ್ಯಾಹ್ನ ನೋಡಿದರೆ ಇದ್ದದ್ದೂ ತೆಳುವಾಗಿ ತಪ್ಪಿಹೋಗಬಹುದು. ಕಿಟ್ಟಿನ ತಾರೀಖು ಮುಗಿದಿರಬಾರದು. 30 ಡಿಗ್ರಿಗಿಂತ ಕೆಳಗೆ ಇಡಿ ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲೋ ತಗಡಿನ ಮಾಡಿನ ಕೆಳಗೋ ದಿನಗಟ್ಟಲೆ ಬಿದ್ದಿದ್ದ ಕಿಟ್ಟನ್ನು ನಂಬಬಾರದು. ಪೊಟ್ಟಣವನ್ನು ಹನಿ ಹಾಕುವ ಹೊತ್ತಿಗೇ ಒಡೆಯಬೇಕು, ತೇವಾಂಶ ಪಟ್ಟಿಯನ್ನು ಕೆಡಿಸುತ್ತದೆ. ಕೊಟ್ಟಿರುವ ಡ್ರಾಪರಿನಿಂದ 'ಎಸ್' ಎಂಬ ಗುಳಿಯೊಳಗೆ ಚೀಟಿಯಲ್ಲಿ ಹೇಳಿದಷ್ಟೇ ಹನಿ, ಸಾಮಾನ್ಯವಾಗಿ ಎರಡು ಮೂರು. ಕಾರ್ಡನ್ನು ಸಮತಟ್ಟಾದ ಜಾಗದಲ್ಲಿಟ್ಟು ಐದು ನಿಮಿಷ ಕಾಯಬೇಕು.

ಮೂತ್ರ ಪಟ್ಟಿಯಲ್ಲಿ ಹರಿಯುವಾಗ ಬಣ್ಣದ ಕಣಗಳಿಗೆ ಅಂಟಿಸಿದ ಪ್ರತಿಕಾಯಗಳನ್ನು ಜೊತೆಗೆ ಒಯ್ಯುತ್ತದೆ. ಎಚ್‌ಸಿಜಿ ಇದ್ದರೆ ಅದು ಈ ಕಣಗಳನ್ನು ಹಿಡಿದುಕೊಂಡೇ 'ಟಿ' ಎಂಬಲ್ಲಿರುವ ಇನ್ನೊಂದು ಪ್ರತಿಕಾಯಕ್ಕೆ ಸಿಕ್ಕಿಬೀಳುತ್ತದೆ, ಅಲ್ಲಿ ಗೆರೆ ಮೂಡುತ್ತದೆ. 'ಸಿ' ಗೆರೆ ಬರುವುದು ಮೂತ್ರ ಪಟ್ಟಿಯುದ್ದಕ್ಕೂ ಸರಿಯಾಗಿ ಹರಿದಿದೆ ಎಂದು ತಿಳಿಸಲು. ಅದೇ ಬರದಿದ್ದರೆ ಪರೀಕ್ಷೆ ಆಗಿಲ್ಲವೆಂದೇ ಅರ್ಥ, ಬೇರೆ ಕಿಟ್ ಬೇಕು. ಹೇಳಿದ ಸಮಯದೊಳಗೆ 'ಟಿ' ಬಳಿ ಬಣ್ಣದ ಗೆರೆ ಎಷ್ಟು ಮಸುಕಾಗಿ ಬಂದರೂ ಅದು ಬಂದಂತೆಯೇ. ಅನುಮಾನವಿದ್ದರೆ ಎರಡು ದಿನ ಬಿಟ್ಟು ನೋಡಿ, ಗೆರೆ ಗಾಢವಾಗಿರುತ್ತದೆ. ಅರ್ಧ ಗಂಟೆ ಬಿಟ್ಟು ಬಂದು ನೋಡಿದಾಗ ಕಾಣುವ ಬೂದು ಛಾಯೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಬೇಸಿಗೆಯಲ್ಲಿ ಹಿಡಕಲ್ ಜಲಾಶಯದ ದಂಡೆಯ ಮೇಲೆ ನೀರಿನ ಗುರುತು ಉಳಿದಂತೆ, ಅದು ಮೂತ್ರ ಆರಿದ ಗುರುತು.

ಸಕ್ಕರೆ, ಉಪ್ಪು, ಟೂತ್‌ಪೇಸ್ಟ್‌ಗೆ ಮೂತ್ರ ಬೆರೆಸಿ ನೊರೆ ನೋಡುವ ಉಪಾಯಗಳು ಮೊಬೈಲಿನಲ್ಲಿ ಹರಿದಾಡುತ್ತಿವೆ. ಕೆಲವು ಟೂತ್‌ಪೇಸ್ಟ್‌ಗಳಲ್ಲಿ ಸುಣ್ಣದಂಥ ಪದಾರ್ಥವಿದೆ, ಹುಳಿಯಿರುವ ಯಾರ ಮೂತ್ರ ತಾಗಿದರೂ ನೊರೆ ಏಳುತ್ತದೆ, ಗಂಡಸರದ್ದಾದರೂ. ಪುಕ್ಕಟೆ ಕಿಟ್ ಇರುವಾಗ ಅವುಗಳ ಹಂಗು ಬೇಡ.

ಹಾಗಾದರೆ ದವಾಖಾನೆಯಲ್ಲಿ ಹೆಚ್ಚಿಗೆ ಸಿಗುವುದೇನು? ಮೊದಲನೆಯದು ರಕ್ತದ ಬೀಟಾ ಎಚ್‌ಸಿಜಿ ಪರೀಕ್ಷೆ. 5ರಷ್ಟು ಕಡಿಮೆ ಪ್ರಮಾಣವನ್ನೂ ಇದು ಅಳೆಯುವುದರಿಂದ ಮುಟ್ಟು ತಪ್ಪುವ ಕೆಲವು ದಿನ ಮೊದಲೇ ಗರ್ಭವನ್ನು ಹಿಡಿಯಬಲ್ಲದು. ಆದರೆ ಎಲ್ಲರಿಗೂ ಇದು ಬೇಕಿಲ್ಲ. ಇದರ ನಿಜವಾದ ಬೆಲೆ ಇರುವುದು ಅಂಕಿ ಕೊಡುವುದರಲ್ಲಿ. 48 ಗಂಟೆ ಬಿಟ್ಟು ಎರಡು ಸಲ, ಒಂದೇ ಲ್ಯಾಬಿನಲ್ಲಿ ನೋಡಿದಾಗ ಅಂಕಿ ಕಡೇಪಕ್ಷ ಅರ್ಧದಷ್ಟು ಏರಬೇಕು. ಏರದೆ ನಿಂತರೆ, ಇಳಿದರೆ, ಗರ್ಭ ಸರಿಯಾಗಿ ಬೆಳೆಯುತ್ತಿಲ್ಲವೆಂಬ ಸೂಚನೆ. ಎರಡು ಗೆರೆ ಬಂದು ವಾರದೊಳಗೆ ಮುಟ್ಟಾದವರು ಕಿಟ್ ಸುಳ್ಳು ಹೇಳಿತೆಂದು ಬೈಯುವುದುಂಟು. ಬಹಳ ಸಲ ಕಿಟ್ ನಿಜವನ್ನೇ ಹೇಳಿರುತ್ತದೆ. ವಿಲ್ಕಾಕ್ಸ್ ತಂಡದ 1988ರ ವರದಿಯಲ್ಲಿ ಗರ್ಭಗಳ 22% ಹೀಗೆ ವೈದ್ಯರ ಕಣ್ಣಿಗೆ ಬೀಳುವ ಮೊದಲೇ ಮುಗಿದುಹೋಗಿದ್ದವು. ಹೆಣ್ಣುಮಗಳು ಭಾರ ಎತ್ತಿದ್ದೋ ಪಪ್ಪಾಯಿ ತಿಂದದ್ದೋ ಕಾರಣವಲ್ಲ. ಅವಳನ್ನು ಯಾರೂ ದೂರಬಾರದು.

ಎರಡನೆಯದು ಸ್ಕ್ಯಾನ್. ಗರ್ಭ ಇದೆ ಎಂದು ಕಿಟ್ ಹೇಳೀತು, ಎಲ್ಲಿದೆ ಎಂದು ಹೇಳಲಾರದು. ನೂರಕ್ಕೆ ಒಂದೆರಡು ಗರ್ಭಗಳು ಗರ್ಭಕೋಶದ ಹೊರಗೆ, ಹೆಚ್ಚಾಗಿ ಗರ್ಭನಾಳದಲ್ಲಿ ಕಚ್ಚಿಕೊಳ್ಳುತ್ತವೆ. ಅಲ್ಲಿಯೂ ಎಚ್‌ಸಿಜಿ ಹುಟ್ಟುತ್ತದೆ, ಎರಡು ಗೆರೆಯೂ ಬರುತ್ತದೆ. ನಾಳ ಒಡೆದರೆ ಹೊಟ್ಟೆಯೊಳಗೇ ರಕ್ತ ಹರಿದು ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಎರಡು ಗೆರೆ ಬಂದವಳಿಗೆ ಕೆಳಹೊಟ್ಟೆಯ ಒಂದು ಬದಿಯಲ್ಲಿ ಜೋರು ನೋವು, ರಕ್ತ ಕಾಣುವುದು, ಭುಜದ ತುದಿಯಲ್ಲಿ ನೋವು, ಕಣ್ಣು ಕತ್ತಲಿಡುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆ ಆದವರಿಗೆ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಆಪರೇಷನ್ ಅಪರೂಪಕ್ಕೆ ವಿಫಲವಾಗುತ್ತದೆ, ಹಾಗಾದಾಗ ಗರ್ಭ ನಾಳದಲ್ಲಿ ನಿಲ್ಲುವ ಸಂಭವ ಹೆಚ್ಚು. 'ನನಗ ಆಪರೇಷನ್ ಆಗೇತಿ' ಎಂದು ಅವರು ಪರೀಕ್ಷೆಯನ್ನೇ ಮಾಡಿಕೊಳ್ಳುವುದಿಲ್ಲ, ಕಾಪರ್-ಟಿ ಇದ್ದವರೂ ಅಷ್ಟೆ.

ಒಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ ಐದನೇ ವಾರದ ಸುಮಾರಿಗೆ ಗರ್ಭಚೀಲ, ಆರನೇ ವಾರದಲ್ಲಿ ಹೃದಯ ಬಡಿತ ಕಾಣುತ್ತದೆ. ಹೊಟ್ಟೆಯ ಮೇಲಿಂದ ಮಾಡಿದರೆ ಇನ್ನೊಂದು ವಾರ ತಡ. ಈ ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಅವಸರಕ್ಕೆ ಮುಂಚೆಯೇ ಹೋದರೆ ಏನೂ ಕಾಣದೆ ದುಡ್ಡೂ ನೆಮ್ಮದಿಯೂ ಹೋಗುತ್ತವೆ. ನೋವು, ರಕ್ತ ಇದ್ದರೆ ಮಾತ್ರ ವಾರ ಎಣಿಸುತ್ತ ಕೂಡಬಾರದು. ಗಂಡೋ ಹೆಣ್ಣೋ ಎಂಬುದನ್ನು ಕಿಟ್ಟಿನ ಗೆರೆಯ ಬಣ್ಣ ಹೇಳುವುದಿಲ್ಲ. ಸ್ಕ್ಯಾನಿನಲ್ಲಿ ಕೇಳುವುದೂ ಹೇಳುವುದೂ 1994ರ ಕಾಯ್ದೆಯ ಪ್ರಕಾರ ಅಪರಾಧ.

ಇಲ್ಲದ ಗರ್ಭವನ್ನು ಕಿಟ್ ಇದೆ ಎನ್ನುವುದು ಅಪರೂಪ. ಮಕ್ಕಳಾಗಲೆಂದು ಎಚ್‌ಸಿಜಿ ಇಂಜೆಕ್ಷನ್ ತೆಗೆದುಕೊಂಡವರಲ್ಲಿ ಅದು ಎರಡು ವಾರದವರೆಗೂ ಉಳಿದು ಗೆರೆ ಮೂಡಿಸಬಹುದು. ಗರ್ಭಪಾತದ ನಂತರವೂ ಹಾರ್ಮೋನು ಇಳಿಯಲು ಕೆಲವು ವಾರ ಬೇಕು.

ಬೇಗ ಗೊತ್ತಾಗುವುದರಿಂದ ಏನು ಲಾಭ ಎಂದು ಕೇಳುವವರಿಗೆ ಒಂದು ಉದಾಹರಣೆ. ಮಗುವಿನ ಮೆದುಳು, ಬೆನ್ನುಹುರಿಯಾಗುವ ನಾಳ ಮುಚ್ಚಿಕೊಳ್ಳುವುದು ಆರನೇ ವಾರದೊಳಗೆ, ಅಂದರೆ ಮುಟ್ಟು ತಪ್ಪಿ ಎರಡೇ ವಾರದಲ್ಲಿ. ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲದ ಗುಳಿಗೆ ಕೆಲಸ ಮಾಡಬೇಕಾದ್ದು ಆಗ, ಇನ್ನೂ ಸರಿಯೆಂದರೆ ಗರ್ಭ ನಿಲ್ಲುವ ಮೊದಲಿನಿಂದಲೇ. ಮೂರ್ಛೆರೋಗ, ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಗುಳಿಗೆ ನುಂಗುವವರು ತಾವಾಗಿ ನಿಲ್ಲಿಸದೆ ಆ ವಾರವೇ ವೈದ್ಯರನ್ನು ಕಾಣಬೇಕು. ಕೆಲವು ಔಷಧಗಳನ್ನು ಬದಲಿಸಬೇಕಾಗುತ್ತದೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳ ತಾಯಂದಿರೂ ಪಾಲ್ಗೊಂಡಿದ್ದ ಒಂದು ದೊಡ್ಡ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಆರು ದೇಶಗಳ 11,976 ಚೊಚ್ಚಲ ಬಸುರಿಯರಲ್ಲಿ ಕಡಿಮೆ ಪ್ರಮಾಣದ ಆಸ್ಪಿರಿನ್ ಅವಧಿಪೂರ್ವ ಹೆರಿಗೆಯನ್ನು ಸುಮಾರು 11% ತಗ್ಗಿಸಿತ್ತು. ಆ ಗುಳಿಗೆ ಶುರುವಾದದ್ದು 6ರಿಂದ 14 ವಾರದೊಳಗೆ. ನಾಲ್ಕನೇ ತಿಂಗಳು ಮುಗಿದ ಮೇಲೆ ಬಂದವಳಿಗೆ ಆ ಬಾಗಿಲು ಮುಚ್ಚಿರುತ್ತಿತ್ತು. ಆಸ್ಪಿರಿನ್ ಯಾರಿಗೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. 12 ವಾರದೊಳಗೆ ಉಪಕೇಂದ್ರದಲ್ಲಿ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿಕೊಳ್ಳುವುದಂತೂ ಎಲ್ಲರಿಗೂ ಆಗಬೇಕಾದ ಕೆಲಸ.

ಬೇಡದ ಗರ್ಭವಾದರೆ ದಿನಗಳ ಬೆಲೆ ಇನ್ನೂ ಹೆಚ್ಚು. ಗುಳಿಗೆಯಿಂದ ಗರ್ಭಪಾತ ಮಾಡಿಸಲು ಕಾನೂನಿನಲ್ಲಿ ಅವಕಾಶವಿರುವುದು 9 ವಾರದವರೆಗೆ, ನೋಂದಾಯಿತ ವೈದ್ಯರ ಮೂಲಕ. ಮದುವೆಯಾಗದವರಿಗೂ ಇದೇ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿದೆ. ಹೆಸರು ಗುಟ್ಟಾಗಿಡುವುದು ವೈದ್ಯರ ಕಾನೂನುಬದ್ಧ ಹೊಣೆ. ಅಂಗಡಿಯಿಂದ ಗುಳಿಗೆ ತರಿಸಿ ಮನೆಯಲ್ಲೇ ನುಂಗುವವರಿಗೆ ಇಷ್ಟು ಗೊತ್ತಿರಲಿ: ಗರ್ಭ ನಾಳದಲ್ಲಿದ್ದರೆ ಆ ಗುಳಿಗೆಯಿಂದ ಅದು ಹೋಗುವುದಿಲ್ಲ, ಬರುವ ರಕ್ತವನ್ನು ನೋಡಿ ಎಲ್ಲ ಮುಗಿಯಿತೆಂದುಕೊಂಡಾಗಲೂ ನಾಳದಲ್ಲಿ ಅದು ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಮೊದಲು ವೈದ್ಯರು ನೋಡಬೇಕು, ಬೇಕೆನಿಸಿದರೆ ಸ್ಕ್ಯಾನ್ ಮಾಡಬೇಕು, ಗುಳಿಗೆ ಏನಿದ್ದರೂ ಆಮೇಲೆ.