ಸೋಂಪುರದಿಂದ ಶೆನ್‌ಜೆನ್‌ಗೆ ಹೊರಡುವ ಮುನ್ನ

ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದ ಹೊಲಗಳು ಕೆಐಎಡಿಬಿ ಕೈಗಾರಿಕಾ ಪ್ರದೇಶವಾದ ಮೇಲೆ ದಾಬಸ್‌ಪೇಟೆ ಸುತ್ತಮುತ್ತಲಿನವರಿಗೆ ಚೀನಾ ಬರೀ ಸುದ್ದಿಯಲ್ಲಿ ಕೇಳುವ ದೇಶವಲ್ಲ. ಕಾರ್ಖಾನೆಗಳಿಗೆ ಬರುವ ಯಂತ್ರ, ಅಚ್ಚು, ಬಿಡಿಭಾಗಗಳ ಪೆಟ್ಟಿಗೆಗಳ ಮೇಲೆ ಆ ದೇಶದ ಅಕ್ಷರಗಳಿರುತ್ತವೆ. ಯಂತ್ರ ನೋಡಿ ಬರಲು, ನಡೆಸುವುದನ್ನು ಕಲಿತು ಬರಲು ಅಥವಾ ಅಲ್ಲೇ ವರ್ಷಗಟ್ಟಲೆ ಕೆಲಸ ಮಾಡಲು ಹೊರಡುವ ಅವಕಾಶ ನಮ್ಮ ಹುಡುಗ ಹುಡುಗಿಯರಿಗೂ ಬರಬಹುದು. ಹಾಗೆ ಹೋಗುವವರು ಶೆನ್‌ಜೆನ್, ಗುವಾಂಗ್‌ಝೌ, ಶಾಂಘೈನಂಥ ಊರಲ್ಲಿ ಮನೆ ಹೂಡಿ ಬದುಕುವುದು ಹೇಗೆ ಎಂದು ತಿಳಿಸಲು ಈ ಬರಹ.

ಮೊದಲೇ ಹೇಳಿಬಿಡುತ್ತೇನೆ: ಚೀನಾದ ನಗರದಲ್ಲಿ ಹೊರದೇಶದವರ ದಿನಚರಿಯೆಲ್ಲ ನಾಲ್ಕು ಮೆಟ್ಟಿಲ ಮೇಲೆ ನಿಂತಿದೆ. ಪಾಸ್‌ಪೋರ್ಟ್, ಅದರ ಹೆಸರಲ್ಲಿ ಪಡೆದ ಸ್ಥಳೀಯ ಮೊಬೈಲ್ ನಂಬರು, ಆ ನಂಬರಿಗೆ ಜೋಡಿಸಿದ ಹಣ ಪಾವತಿಯ ಆ್ಯಪ್, ಕೊನೆಗೆ ಬ್ಯಾಂಕ್ ಖಾತೆ. ಒಂದಾದ ಮೇಲೆ ಒಂದು. ಸರದಿ ತಪ್ಪಿದರೆ ಮುಂದಿನದು ತೆರೆದುಕೊಳ್ಳುವುದಿಲ್ಲ. ಭಾಷೆ ಬಾರದಿದ್ದರೆ ಹೇಗೆ ಎಂದೇ ಎಲ್ಲರೂ ಹೆದರುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಹೆಚ್ಚು ಕಾಡುವುದು ಈ ಸರದಿಯೇ. ಭಾಷೆಗೆ ಅನುವಾದದ ಆ್ಯಪ್ ಇದೆ, ಇದಕ್ಕೆ ಇಲ್ಲಿಂದಲೇ ತಯಾರಾಗಿ ಹೋಗಬೇಕು.

ವೀಸಾ ವಿಷಯಕ್ಕೆ ಕರ್ನಾಟಕ ಬರುವುದು ಮುಂಬೈಯಲ್ಲಿರುವ ಚೀನಾ ಕಾನ್ಸುಲೇಟಿನ ವ್ಯಾಪ್ತಿಗೆ. ವ್ಯಾಪಾರಕ್ಕೆ ಹೋಗುವವರಿಗೆ ಎಂ ವೀಸಾ, ಕೆಲಸಕ್ಕೆ ಝಡ್, ಆರು ತಿಂಗಳು ಮೀರಿದ ಓದಿಗೆ ಎಕ್ಸ್1. ಕಂಪನಿ ಕೊಂಡ ಯಂತ್ರದ ಜೋಡಣೆ, ದುರಸ್ತಿ, ತರಬೇತಿಗೆಂದು 90 ದಿನಕ್ಕೆ ಮೀರದಂತೆ ಹೋಗಿ ಬರುವುದಾದರೆ ಎಂ ವೀಸಾ ಸಾಕು. ಆದರೆ ಅಲ್ಲಿ ಸಂಬಳಕ್ಕೆ ದುಡಿಯುವುದಾದರೆ ಝಡ್ ವೀಸಾವೇ ಬೇಕು. ಅದಕ್ಕೂ ಮೊದಲು ಅಲ್ಲಿನ ಕಂಪನಿ ಕೆಲಸದ ಪರವಾನಗಿಯ ಸೂಚನಾಪತ್ರ ಪಡೆದು ನಿಮಗೆ ಕಳಿಸಿರಬೇಕು. 2017ರಿಂದ ಹೊರದೇಶದ ನೌಕರರನ್ನು ಎ, ಬಿ, ಸಿ ಎಂದು ವಿಂಗಡಿಸುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಬರುವುದು ಬಿ ವರ್ಗಕ್ಕೆ, ಅದಕ್ಕೆ ಸಾಮಾನ್ಯವಾಗಿ ಪದವಿಯ ಜೊತೆಗೆ ಎರಡು ವರ್ಷದ ಅನುಭವ ಕೇಳುತ್ತಾರೆ. ಐಟಿಐ, ಡಿಪ್ಲೊಮಾ ಮಾಡಿದ ಹುಡುಗರು ಇದನ್ನು ಚೆನ್ನಾಗಿ ಗಮನಿಸಬೇಕು. "ಈಗ ಎಂ ವೀಸಾದಲ್ಲಿ ಹೋಗು, ಅಲ್ಲಿ ಹೋದ ಮೇಲೆ ಸರಿಮಾಡಿಸೋಣ" ಎಂದು ಯಾವ ಏಜೆಂಟ್ ಹೇಳಿದರೂ ಅವನಿಗೆ ಒಂದು ರೂಪಾಯಿ ಕೊಡಬೇಡಿ. ಪರವಾನಗಿಯಿಲ್ಲದೆ ದುಡಿದವರಿಗೆ ಅಲ್ಲಿನ ಕಾನೂನಿನಲ್ಲಿ 5,000ದಿಂದ 20,000 ಯುವಾನ್ ದಂಡವಿದೆ, ಪ್ರಕರಣ ಗಂಭೀರವಾದರೆ 5ರಿಂದ 15 ದಿನ ಬಂಧನವೂ ಇದೆ. ಒಂದು ಯುವಾನ್ ಎಂದರೆ ಸುಮಾರು 12 ರೂಪಾಯಿ ಎಂದು ಲೆಕ್ಕ ಹಾಕಿಕೊಳ್ಳಿ. ಹೊಲ ಕೊಟ್ಟ ದುಡ್ಡಿನಲ್ಲಿ ಮಗನನ್ನು ಕಳಿಸುವ ಮನೆಯವರು ಹೊರುವ ಭಾರವಲ್ಲ ಅದು.

ಪದವಿ ಪ್ರಮಾಣಪತ್ರದ ದೃಢೀಕರಣಕ್ಕೆ ಸಾಕಷ್ಟು ಸಮಯ ಇಟ್ಟುಕೊಳ್ಳಿ. ಹೊರದೇಶದ ದಾಖಲೆಯನ್ನು ಒಂದೇ ಮುದ್ರೆಯಿಂದ ಒಪ್ಪುವ ಅಪೊಸ್ಟೀಲ್ ಒಪ್ಪಂದ ಚೀನಾದಲ್ಲಿ 2023ರ ನವೆಂಬರ್‌ನಲ್ಲಿ ಜಾರಿಗೆ ಬಂತು ನಿಜ, ಆದರೆ ಭಾರತ ಚೀನಾಗಳ ನಡುವೆ ಅದು ಜಾರಿಯಲ್ಲಿಲ್ಲ. ಹಾಗಾಗಿ ನಮ್ಮ ದಾಖಲೆಗಳು ಹಳೆಯ ದಾರಿಯಲ್ಲೇ ಹೋಗಬೇಕು: ಮೊದಲು ರಾಜ್ಯದ ದೃಢೀಕರಣ, ಬಳಿಕ ವಿದೇಶಾಂಗ ಸಚಿವಾಲಯ, ಆಮೇಲೆ ಚೀನಾದ ಕಚೇರಿ. ಪಾಸ್‌ಪೋರ್ಟ್ ಕಚೇರಿಯ ಪೊಲೀಸ್ ಕ್ಲಿಯರೆನ್ಸ್ ಪತ್ರವೂ ಬೇಕಾಗುತ್ತದೆ.

ಇದರ ಜೊತೆಗೆ ನಮ್ಮ ಕಡೆಯವರದೇ ಒಂದು ತೊಡಕಿದೆ, ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಕೆಲವರಿಗೆ ಮನೆತನದ ಹೆಸರಿನ ಜಾಗವೇ ಖಾಲಿ. ಚೀನಾದಲ್ಲಿ ಸಿಮ್, ಆ್ಯಪ್, ಬ್ಯಾಂಕು, ರೈಲು ಟಿಕೆಟ್ ಎಲ್ಲವೂ ಪಾಸ್‌ಪೋರ್ಟ್‌ನಲ್ಲಿರುವ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುತ್ತವೆ. ಒಂದು ಕಡೆ ಜಾಗ ಬಿಟ್ಟು, ಇನ್ನೊಂದು ಕಡೆ ಸೇರಿಸಿ ಬರೆದರೆ ಎರಡೂ ಬೇರೆ ಬೇರೆ ಮನುಷ್ಯರ ಹೆಸರಾಗಿ ಕಾಣುತ್ತವೆ. ದಾಖಲೆಗಳ ಹೆಸರನ್ನು ಊರು ಬಿಡುವ ಮುನ್ನವೇ ಒಂದೇ ಮಾಡಿಸಿಕೊಳ್ಳಿ. ಅಲ್ಲಿ ಇಳಿದ ಮೇಲೆ ಮೊದಲ ಸಲ ಹೆಸರು ಹೇಗೆ ನಮೂದಾಯಿತೋ ಅದರ ಫೋಟೊ ತೆಗೆದಿಟ್ಟುಕೊಂಡು ಎಲ್ಲ ಕಡೆ ಹಾಗೇ ಬರೆಯಿರಿ.

ಈಗ ಫೋನು. ಅಲ್ಲಿ ತರಕಾರಿ ಗಾಡಿಯಿಂದ ಆಸ್ಪತ್ರೆಯವರೆಗೆ ಹಣ ಕೊಡುವುದು ಅಲಿಪೇ ಅಥವಾ ವೀಚಾಟ್‌ನಲ್ಲಿ. ನಮ್ಮ ಯುಪಿಐ ಅಲ್ಲಿನ ಅಂಗಡಿಯಲ್ಲಿ ನಡೆಯದು. ಬೇರೆ ದೇಶದವರು ಈ ಆ್ಯಪ್‌ಗಳನ್ನು ತಮ್ಮ ಮನೆಯಲ್ಲೇ ಕೂತು ಸಿದ್ಧ ಮಾಡಿಕೊಂಡು ಹೊರಡುತ್ತಾರೆ. ನಮಗೆ ಆ ಅನುಕೂಲವಿಲ್ಲ. ಭಾರತ ಸರ್ಕಾರ 2020ರ ಜೂನ್‌ನಲ್ಲಿ ವೀಚಾಟ್ ಸೇರಿ 59 ಆ್ಯಪ್‌ಗಳನ್ನೂ ಅದೇ ಸೆಪ್ಟೆಂಬರ್‌ನಲ್ಲಿ ಅಲಿಪೇ ಸೇರಿ 118 ಆ್ಯಪ್‌ಗಳನ್ನೂ ನಿಷೇಧಿಸಿತು. ಇಲ್ಲಿನ ಪ್ಲೇ ಸ್ಟೋರ್‌ನಲ್ಲಿ ಅವು ಸಿಗುವುದಿಲ್ಲ. ಚೀನಾದ ನೆಟ್‌ವರ್ಕ್‌ನಲ್ಲಿ ಪ್ಲೇ ಸ್ಟೋರೇ ತೆರೆಯುವುದಿಲ್ಲ. ಆಂಡ್ರಾಯ್ಡ್ ಫೋನಿನವರು ಅಲ್ಲಿಗೆ ಇಳಿದ ಮೇಲೆ ಆ ಕಂಪನಿಗಳ ಅಧಿಕೃತ ಜಾಲತಾಣದಿಂದಲೇ ಆ್ಯಪ್ ಇಳಿಸಿಕೊಳ್ಳುವುದು ನೇರ ದಾರಿ. ಐಫೋನಿನವರು ಆ್ಯಪ್ ಸ್ಟೋರಿನ ದೇಶ ಬದಲಿಸಬೇಕಾಗುತ್ತದೆ. ವೀಚಾಟ್ ಹೊಸ ಖಾತೆ ತೆರೆಯುವಾಗ ಹಳೆಯ ಬಳಕೆದಾರರೊಬ್ಬರು ಸ್ಕ್ಯಾನ್ ಮಾಡಿ ಒಪ್ಪಬೇಕೆಂದು ಕೇಳಬಹುದು, ಕಂಪನಿಯಿಂದ ಕರೆದೊಯ್ಯಲು ಬಂದವರ ಹತ್ತಿರ ಅಲ್ಲೇ ಮಾಡಿಸಿಕೊಳ್ಳಿ.

ಅದಕ್ಕೂ ಮುಂಚೆ ಸಿಮ್. ಚೈನಾ ಮೊಬೈಲ್, ಚೈನಾ ಯುನಿಕಾಂ, ಚೈನಾ ಟೆಲಿಕಾಂ ಈ ಮೂರರಲ್ಲಿ ಯಾವುದಾದರೂ ಸರಿ, ಕಂಪನಿಯ ಅಧಿಕೃತ ಅಂಗಡಿಗೇ ಹೋಗಿ ಪಾಸ್‌ಪೋರ್ಟ್ ತೋರಿಸಿ, ಮುಖದ ಫೋಟೊ ಕೊಟ್ಟು ನಿಮ್ಮ ಹೆಸರಲ್ಲೇ ಪಡೆಯಿರಿ. ಗೆಳೆಯರ ಹೆಸರಿನ ಸಿಮ್ ಹಾಕಿಕೊಂಡರೆ ಮುಂದೆ ಬ್ಯಾಂಕಿನಲ್ಲಿ ಸಿಕ್ಕಿಬೀಳುತ್ತೀರಿ. ಸಿಮ್ ಸಿಕ್ಕಮೇಲೆ ಅಲಿಪೇಗೆ ನಿಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಬಹುದು. ರುಪೇ ಒಂದನ್ನೇ ನಂಬಿಕೊಂಡು ಹೋಗಬೇಡಿ. 200 ಯುವಾನ್ ಒಳಗಿನ ಖರ್ಚಿಗೆ ಹೆಚ್ಚುವರಿ ಶುಲ್ಕವಿಲ್ಲ, ಮೀರಿದರೆ ಶೇ 3. ಭಾರತದ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಬಂದ್ ಆಗಿಯೇ ಇರುತ್ತದೆ, 2020ರಿಂದ ರಿಸರ್ವ್ ಬ್ಯಾಂಕಿನ ನಿಯಮವದು. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಇಲ್ಲಿಂದಲೇ ತೆರೆದಿಟ್ಟುಕೊಳ್ಳಿ. ಕಾರ್ಡ್ ಜೋಡಿಸುವಾಗ ಓಟಿಪಿ ಬರುವುದು ಊರಿನ ನಂಬರಿಗೆ. ಆ ಸಿಮ್‌ಗೆ ರೋಮಿಂಗ್ ಹಾಕಿಸದೆ ವಿಮಾನ ಹತ್ತಿದರೆ ಎಲ್ಲ ಅಲ್ಲಿಗೇ ನಿಲ್ಲುತ್ತದೆ. ಮೊದಲ ಎರಡು ದಿನಕ್ಕೆ ಒಂದಿಷ್ಟು ಯುವಾನ್ ನೋಟು ಜೇಬಿನಲ್ಲಿರಲಿ. ನೋಟು ಬೇಡವೆನ್ನುವ ಹಕ್ಕು ಅಲ್ಲಿನ ಅಂಗಡಿಯವರಿಗಿಲ್ಲ. ಚಿಲ್ಲರೆ ಮಾತ್ರ ಇರುವುದಿಲ್ಲ.

ರೋಮಿಂಗ್ ಬೇಕಾಗುವುದು ಓಟಿಪಿಗಷ್ಟೇ ಅಲ್ಲ. ವಾಟ್ಸ್‌ಆ್ಯಪ್, ಗೂಗಲ್, ಯೂಟ್ಯೂಬ್, ಫೇಸ್‌ಬುಕ್ ಯಾವುದೂ ಅಲ್ಲಿನ ನೆಟ್‌ವರ್ಕ್‌ನಲ್ಲಿ ತೆರೆಯುವುದಿಲ್ಲ. ನಮ್ಮಲ್ಲಿ ವೀಚಾಟ್ ಇಲ್ಲ, ಅವರಲ್ಲಿ ವಾಟ್ಸ್‌ಆ್ಯಪ್ ಇಲ್ಲ. ದಾಬಸ್‌ಪೇಟೆಯಲ್ಲಿರುವ ಅಮ್ಮ ಮಗಳ ಮುಖ ನೋಡುವುದು ಹೇಗೆ? ಭಾರತದ ಸಿಮ್‌ನ ರೋಮಿಂಗ್ ಡೇಟಾ ನಮ್ಮ ಕಂಪನಿಯ ಜಾಲದ ಮೂಲಕವೇ ಹಾಯುವುದರಿಂದ ಅದರಲ್ಲಿ ವಾಟ್ಸ್‌ಆ್ಯಪ್ ನಡೆಯುತ್ತದೆ. ದುಬಾರಿ, ಆದರೂ ನೆಚ್ಚಬಹುದು. ಎರಡೂ ಕಡೆ ಐಫೋನ್ ಇದ್ದರೆ ಫೇಸ್‌ಟೈಮ್ ಕೂಡ ನಡೆಯುತ್ತದೆ. ಸರ್ಕಾರದ ಅನುಮತಿಯಿಲ್ಲದ ವಿಪಿಎನ್ ಬಳಕೆ ಅಲ್ಲಿ ಕಾನೂನಿಗೆ ವಿರುದ್ಧ ಎಂಬುದು ತಿಳಿದಿರಲಿ. ಅವರ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ನಮ್ಮ ರಾತ್ರಿ ಎಂಟಕ್ಕೆ ಅಲ್ಲಿ ಹತ್ತೂವರೆ. ಯಾವ ಹೊತ್ತಿಗೆ ಮಾತಾಡುವುದೆಂದು ಹೊರಡುವ ಮುನ್ನವೇ ಮನೆಯವರೊಂದಿಗೆ ಗೊತ್ತುಮಾಡಿಕೊಂಡರೆ ಕರೆ ಬಾರದ ದಿನ ಯಾರೂ ಗಾಬರಿಪಡುವುದಿಲ್ಲ.

ಇನ್ನು ವಾಸದ ನೋಂದಣಿ. ಸೋಂಪುರದಲ್ಲಿ ಹೊರದೇಶದ ತಂತ್ರಜ್ಞರಿಗೆ ಕೋಣೆ ಕೊಟ್ಟ ಮನೆಯವರು 24 ಗಂಟೆಯೊಳಗೆ ವಲಸೆ ಕಚೇರಿಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಚೀನಾದಲ್ಲೂ ಅದೇ 24 ಗಂಟೆ. 2013ರ ಜುಲೈ 1ರಿಂದ ಜಾರಿಯಲ್ಲಿರುವ ಅಲ್ಲಿನ ಆಗಮನ ನಿರ್ಗಮನ ಕಾನೂನಿನಂತೆ, ಹೋಟೆಲಲ್ಲಿ ತಂಗಿದರೆ ಹೋಟೆಲಿನವರೇ ನೋಂದಾಯಿಸುತ್ತಾರೆ. ಬಾಡಿಗೆ ಮನೆಯಾದರೆ ನೀವೋ ಮನೆ ಮಾಲೀಕರೋ ಹತ್ತಿರದ ಪೊಲೀಸ್ ಠಾಣೆಗೆ ಹೋಗಬೇಕು. ಪಾಸ್‌ಪೋರ್ಟ್, ಬಾಡಿಗೆ ಕರಾರು, ಮಾಲೀಕರ ಮನೆ ಪತ್ರದ ನಕಲು ಕೈಲಿರಲಿ. ಶಾಂಘೈ, ಶೆನ್‌ಜೆನ್‌ಗಳಲ್ಲಿ ಆನ್‌ಲೈನ್‌ನಲ್ಲೂ ಆಗುತ್ತದೆ. ಕಾರ್ಖಾನೆಯ ಹಾಸ್ಟೆಲಿನಲ್ಲಿ ಇರುವವರು ಕಂಪನಿಯವರೇ ಮಾಡಿಸಿದ್ದಾರೆಂದು ಸುಮ್ಮನಾಗಬೇಡಿ, ನೋಂದಣಿಯ ಚೀಟಿ ಕೇಳಿ ಪಡೆಯಿರಿ. ತಪ್ಪಿದರೆ ಎಚ್ಚರಿಕೆ ಕೊಡಬಹುದು, 2,000 ಯುವಾನ್‌ವರೆಗೆ ದಂಡವನ್ನೂ ಹಾಕಬಹುದು. ಮನೆ ಬದಲಿಸಿದಾಗ, ಪಾಸ್‌ಪೋರ್ಟ್ ಬದಲಾದಾಗ ಮತ್ತೆ ಮಾಡಿಸಬೇಕು.

ಆ ಚೀಟಿಯೇ ಮುಂದಿನ ಕೆಲಸಕ್ಕೆ ಆಧಾರ. ಝಡ್ ವೀಸಾದವರು ದೇಶಕ್ಕೆ ಕಾಲಿಟ್ಟ 30 ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅದಕ್ಕೆ ಆರೋಗ್ಯ ತಪಾಸಣೆ, ಕೆಲಸದ ಪರವಾನಗಿ, ಪೊಲೀಸ್ ನೋಂದಣಿ ಎಲ್ಲ ಮುಗಿದಿರಬೇಕು. ಅರ್ಜಿ ಪರಿಶೀಲನೆಯ ದಿನಗಳಲ್ಲಿ ಪಾಸ್‌ಪೋರ್ಟ್ ಅವರ ಬಳಿಯೇ ಇರುತ್ತದೆ, ನಿಮ್ಮ ಕೈಲಿರುವುದು ರಸೀದಿ ಮಾತ್ರ. ಮೊದಲ ತಿಂಗಳಲ್ಲಿ ಊರಿಗೆ ಬಂದು ಹೋಗುವ ಯೋಚನೆ ಇಟ್ಟುಕೊಳ್ಳಬೇಡಿ. ಅವಧಿ ಮೀರಿ ಉಳಿದರೆ ದಿನಕ್ಕೆ 500 ಯುವಾನ್‌ನಂತೆ 10,000ದವರೆಗೆ ದಂಡ ಏರಬಹುದು. ಅನುಮಾನ ಬಂದರೆ 12367ಕ್ಕೆ ಕರೆ ಮಾಡಿ. ಅದು ವಲಸೆ ಇಲಾಖೆಯ ಸಹಾಯವಾಣಿ, ಹಗಲಿರುಳು ಇಂಗ್ಲಿಷಿನಲ್ಲೂ ಉತ್ತರಿಸುತ್ತಾರೆ.

ಮನೆ ಬಾಡಿಗೆಯ ವಿಷಯದಲ್ಲಿ ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿಗೆ ಹೊಂದಿಕೊಂಡವರಿಗೆ ಅಲ್ಲಿ ಹಗುರ. ಒಂದು ತಿಂಗಳ ಠೇವಣಿ, ಮೂರು ತಿಂಗಳ ಬಾಡಿಗೆ ಮುಂಗಡ ಎಂಬುದು ಸಾಮಾನ್ಯ ಪದ್ಧತಿ. ಆದರೂ ಹೊರದೇಶದವರ ಪೊಲೀಸ್ ನೋಂದಣಿಗೆ ಸಹಕರಿಸುತ್ತೀರಾ ಎಂದು ಮಾಲೀಕರನ್ನು ಕೇಳಿಯೇ ಹಣ ಕೊಡಿ. ನಲ್ಲಿ ನೀರನ್ನು ಯಾರೂ ಹಾಗೇ ಕುಡಿಯುವುದಿಲ್ಲ, ಕಾಯಿಸಿದ ನೀರೇ ರೂಢಿ. ರೈಲಿನಲ್ಲೂ ನಿಲ್ದಾಣದಲ್ಲೂ ಬಿಸಿನೀರಿನ ನಲ್ಲಿ ಇರುತ್ತದೆ, ಒಂದು ಫ್ಲಾಸ್ಕ್ ಸಾಕು.

ಊಟದ ಬಗ್ಗೆ ಎರಡು ಮಾತು. ತುಪ್ಪ, ಬೆಣ್ಣೆ, ಹಸಿ ಕರಿಬೇವು, ಹಣ್ಣು ಯಾವುದನ್ನೂ ಚೀಲಕ್ಕೆ ಹಾಕಬೇಡಿ, ಪ್ರಯಾಣಿಕರು ಒಯ್ಯಬಾರದವುಗಳ ಪಟ್ಟಿಯಲ್ಲಿ ಹಾಲಿನ ಪದಾರ್ಥವೂ ತಾಜಾ ಸೊಪ್ಪು ತರಕಾರಿಯೂ ಇವೆ. ಅಲ್ಲಿನ ಸಂತೆಯಲ್ಲಿ ಅಕ್ಕಿ, ಹೆಸರುಕಾಳು, ಕಡಲೆಕಾಯಿ, ಬದನೆ, ಹಾಗಲ, ಕೊತ್ತಂಬರಿ, ಹಸಿಮೆಣಸು ಧಾರಾಳ. ನವಣೆಯಂತೂ ಯಾವ ಅಂಗಡಿಯಲ್ಲೂ ಸಿಗುತ್ತದೆ, ಉತ್ತರ ಚೀನಾದ ಸಾವಿರಾರು ವರ್ಷ ಹಳೆಯ ಬೆಳೆಯದು. ತೊಗರಿಬೇಳೆಗೆ ಭಾರತೀಯರ ಅಂಗಡಿ ಹುಡುಕಬೇಕು. ಗುವಾಂಗ್‌ಝೌ, ಯಿವು, ಜವಳಿ ಪೇಟೆಯಾದ ಕೆಚಿಯಾವ್‌ಗಳಲ್ಲಿ ನಮ್ಮ ವ್ಯಾಪಾರಿಗಳಿರುವುದರಿಂದ ಕಷ್ಟವಿಲ್ಲ. ಮಾಂಸ ತಿನ್ನದವರು "ಮಾಂಸ ಬೇಡ" ಎಂದಷ್ಟೇ ಹೇಳಿದರೆ ಸಾಲದು. ಸೊಪ್ಪಿನ ಪಲ್ಯಕ್ಕೂ ಹಂದಿ ಕೊಬ್ಬು, ಸಿಂಪಿಯ ಸಾಸ್, ಕೋಳಿ ಪುಡಿ ಬೀಳುವುದುಂಟು. "ವೊ ಚಿ ಸು", ಅಂದರೆ ನಾನು ಸಸ್ಯಾಹಾರಿ ಎಂಬ ಮಾತನ್ನೂ ಈ ಮೂರು ವಸ್ತುಗಳ ಹೆಸರನ್ನೂ ಚೀನೀ ಅಕ್ಷರದಲ್ಲಿ ಬರೆಸಿ ಫೋನಿನಲ್ಲಿಟ್ಟುಕೊಳ್ಳಿ. ಬೌದ್ಧ ದೇವಾಲಯಗಳ ಬಳಿಯ ಸಸ್ಯಾಹಾರಿ ಹೋಟೆಲುಗಳಲ್ಲಿ ನೆಮ್ಮದಿಯಾಗಿ ಉಣ್ಣಬಹುದು.

ಓಡಾಟ ಸುಲಭ. ಮೆಟ್ರೊಗೆ ಅಲಿಪೇಯ ಕೋಡ್ ತೋರಿಸಿದರೆ ಸಾಕು, ಚೀಲ ಮಾತ್ರ ಪ್ರತಿ ಸಲ ಎಕ್ಸ್‌ರೇ ಯಂತ್ರದಲ್ಲಿ ಹಾಯಬೇಕು. ವೇಗದ ರೈಲಿಗೆ 12306 ಎಂಬ ಸರ್ಕಾರಿ ತಾಣದಲ್ಲಿ ಕಾಯ್ದಿರಿಸುತ್ತಾರೆ, ಪಾಸ್‌ಪೋರ್ಟೇ ಟಿಕೆಟ್. ಚೈತ್ರದ ಯುಗಾದಿಗಿಂತ ಮುಂಚೆ, ಜನವರಿ ಫೆಬ್ರುವರಿಯಲ್ಲಿ ಬರುವ ಅವರ ಹೊಸ ವರ್ಷಕ್ಕೂ ಅಕ್ಟೋಬರ್ ಮೊದಲ ವಾರಕ್ಕೂ ಟಿಕೆಟ್ ಸಿಗುವುದು ಕಷ್ಟ. ಅಂತರರಾಷ್ಟ್ರೀಯ ಡ್ರೈವಿಂಗ್ ಪರವಾನಗಿ ಅಲ್ಲಿ ನಡೆಯದು, ಗಾಡಿ ಓಡಿಸಬೇಕೆಂದರೆ ಅಲ್ಲಿನ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬೇಕು.

ಕಾಯಿಲೆಯಾದರೆ ಮೊದಲು ಆಸ್ಪತ್ರೆಯ ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಿ ಹೆಸರು ಬರೆಸಬೇಕು, ಪರೀಕ್ಷೆ ಔಷಧಿಗೆ ಮುಂಚಿತವಾಗಿ ಹಣ ಕಟ್ಟುತ್ತ ಹೋಗಬೇಕು. ಆ್ಯಂಬುಲೆನ್ಸ್‌ಗೆ 120, ಪೊಲೀಸರಿಗೆ 110, ಬೆಂಕಿಗೆ 119. ಬೀಜಿಂಗ್‌ನಲ್ಲಿ ಭಾರತದ ರಾಯಭಾರ ಕಚೇರಿಯೂ ಶಾಂಘೈ, ಗುವಾಂಗ್‌ಝೌಗಳಲ್ಲಿ ಕಾನ್ಸುಲೇಟ್‌ಗಳೂ ಇವೆ. ಹೋದ ಮೊದಲ ವಾರದಲ್ಲೇ ಅಲ್ಲಿ ಹೆಸರು ನೋಂದಾಯಿಸಿ ಆ ಕಚೇರಿಗಳ ನಂಬರುಗಳನ್ನು ಊರಿನ ಮನೆಯವರಿಗೂ ಬರೆದುಕೊಡಿ.

ಬ್ಯಾಂಕ್ ಖಾತೆ ತೆರೆಯುವುದು ವಾಸದ ಪರವಾನಗಿ ಕೈಗೆ ಬಂದ ಮೇಲೆ. ಊರಿಗೆ ಹಣ ಕಳಿಸುವಾಗ ಸಂಬಳಕ್ಕೆ ತೆರಿಗೆ ಕಟ್ಟಿದ ದಾಖಲೆ ಕೇಳುತ್ತಾರೆ, ಆದ್ದರಿಂದ ಪ್ರತಿ ತಿಂಗಳ ತೆರಿಗೆ ಚೀಟಿಯನ್ನೂ ಜೋಪಾನ ಮಾಡಿ. ಕೆಲಸ ಮುಗಿಸಿ ಹೊರಡುವಾಗ ಮೊದಲು ಮನೆಯ ಠೇವಣಿ ಬರಲಿ, ಆಮೇಲೆ ಉಳಿದ ಹಣ ಭಾರತಕ್ಕೆ ಕಳಿಸಿ, ಬಳಿಕ ಖಾತೆ ಮುಚ್ಚಿಸಿ. ಸಿಮ್ ರದ್ದು ಮಾಡಿಸುವುದು ಎಲ್ಲಕ್ಕಿಂತ ಕೊನೆಗೆ. ನಂಬರು ಹೋದರೆ ಆ್ಯಪ್‌ನಲ್ಲಿ ಉಳಿದ ಹಣ ತೆಗೆಯಲು ಬೇಕಾದ ಸಂದೇಶವೂ ಬರುವುದಿಲ್ಲ.